ಗಟ್ಟಿಗರಿಗೆ ಎಷ್ಟು ಅಂಕ?

ಮಗಳ ಎರಡನೆಯ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದವಳು ಅಂಟಿನುಂಡೆ, ಶುಂಠಿ ಕಷಾಯಗಳ ಬಗ್ಗೆ ಬರೆಯುವುದು ಬಿಟ್ಟು ವಿಡಿಯೋ ಗೇಮಿನ ವಿಮರ್ಶೆಗೆ ಕೂತಿದ್ದಾಳೆಂದರೆ ನೀವು ನಕ್ಕೀರಿ. ನಗಿ. ಆದರೆ ಬಾಲ್ಟಿಮೋರ್ ಹತ್ತಿರದ ಆ ಮನೆಯಲ್ಲಿ ಮೂರು ತಿಂಗಳು ಪ್ರತಿ ಸಂಜೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ನೋಡಿದ್ದು ಅದನ್ನೇ: ಹನ್ನೆರಡು ವರ್ಷದ ಮೊಮ್ಮಗ ಆಡುತ್ತಿದ್ದ ‘ಎಂಎಲ್‌ಬಿ ದ ಶೋ’ ಎಂಬ ಬೇಸ್‌ಬಾಲ್ ಆಟ.

ಕ್ರಿಕೆಟ್ಟಿನಲ್ಲಿ ಬೌಲರ್ ಇದ್ದಂತೆ ಅಲ್ಲಿ ಪಿಚರ್. ನಮ್ಮ ಬೌಲರ್ ಆರು ಚೆಂಡು ಹಾಕಿ ಇನ್ನೊಬ್ಬರಿಗೆ ಬಿಟ್ಟು ಸುಧಾರಿಸಿಕೊಳ್ಳುತ್ತಾನೆ. ಪಿಚರ್‌ಗೆ ಆ ಸೌಲಭ್ಯವಿಲ್ಲ. ಹೊರಗೆ ಕರೆಯುವ ತನಕ ತಂಡದ ಎಸೆತವೆಲ್ಲ ಅವನದೇ. ಒಮ್ಮೆ ಕರೆದರೆ ಆ ದಿನ ಮತ್ತೆ ಇಳಿಯುವಂತಿಲ್ಲ. ಎಸೆತ ನೂರರ ಹತ್ತಿರ ಬಂತೆಂದರೆ ಮ್ಯಾನೇಜರ್ ಚಡಪಡಿಸತೊಡಗುತ್ತಾನೆ. ಪಂದ್ಯ ಶುರುಮಾಡುವ ಪಿಚರ್‌ಗೆ ಆಮೇಲೆ ನಾಲ್ಕೈದು ದಿನ ವಿಶ್ರಾಂತಿ. ವರ್ಷಕ್ಕೆ ಒಂದೊಂದು ತಂಡ ಆಡುವುದು 162 ಪಂದ್ಯ ಎಂದಮೇಲೆ ದಣಿವಿನ ಲೆಕ್ಕ ಇಡದೆ ಗತಿಯಿಲ್ಲ.

ಗೇಮಿನಲ್ಲಿ ಈ ಲೆಕ್ಕ ಕಣ್ಣಿಗೇ ಕಾಣುತ್ತದೆ. ಪ್ರತಿ ಪಿಚರ್‌ಗೂ ‘ಸ್ಟ್ಯಾಮಿನಾ’ ಎಂಬ ಅಂಕಿ. ಪರದೆಯ ಮೇಲೆ ಅವನ ಶಕ್ತಿ ತೋರಿಸುವ ಒಂದು ಪಟ್ಟಿ. ಎಸೆದಂತೆಲ್ಲ ಪಟ್ಟಿ ಕಿರಿದಾಗುತ್ತದೆ. ಬರಿದಾಗುತ್ತ ಬಂದಂತೆ ಚೆಂಡಿನ ವೇಗ ಇಳಿಯುತ್ತದೆ, ಗುರಿ ತಪ್ಪುತ್ತದೆ. “ಅಜ್ಜಿ, ಇವನು ಮುಗ್ದೋದ, ಬೇರೆಯವನನ್ನ ಕರೀಬೇಕು” ಎನ್ನುತ್ತಿದ್ದ ಮೊಮ್ಮಗ. ಬರುವವನ ಕೈಯನ್ನೂ ಮೊದಲೇ ಪಳಗಿಸಿಟ್ಟಿರಬೇಕಂತೆ, ಇಲ್ಲದಿದ್ದರೆ ಅವನೂ ತಡಬಡಿಸುತ್ತಾನೆ.

ಇದು ನನಗೆ ಬಹಳ ಹಿಡಿಸಿತು. ಸುಸ್ತಾದವನನ್ನು ಈ ಆಟ ಮೈಗಳ್ಳ ಎನ್ನುವುದಿಲ್ಲ. ಸುಸ್ತು ಅವನ ಸ್ವಭಾವದ ದೋಷವಲ್ಲ, ಮಾಡಿದ ಕೆಲಸದ ಲೆಕ್ಕ. ಇನ್ನೊಂದು ಒಳ್ಳೆಯ ಗುಣ, ದಣಿವನ್ನೂ ಬಾಳಿಕೆಯನ್ನೂ ಅದು ಬೇರೆ ಬೇರೆ ಇಡುತ್ತದೆ. ಬಾಳಿಕೆಗೆ ‘ಡ್ಯೂರಬಿಲಿಟಿ’ ಎಂಬ ಪ್ರತ್ಯೇಕ ಅಂಕಿ ಇದೆ. ಜರ್ಮನಿಯ ಮಾರ್ಕಸ್ ಹೈನ್ಸೋನ್ ರೂಪಿಸಿದ, 1999ರಿಂದ ಬರುತ್ತಿರುವ ‘ಔಟ್ ಆಫ್ ದ ಪಾರ್ಕ್’ ಆಟದಲ್ಲೂ ಪಿಚರನ ದಮ್ಮು ಬೇರೆ, ಗಾಯಗೊಳ್ಳುವ ಸಂಭವ ಬೇರೆ. ದಣಿವು ನಾಲ್ಕು ದಿನ ಮಲಗಿದರೆ ತೀರುತ್ತದೆ. ಸವೆದ ಕೀಲು ತೀರಿಸಿಕೊಳ್ಳುವುದಿಲ್ಲ. ಎಷ್ಟು ಮನೆಗಳಲ್ಲಿ ಈ ಎರಡನ್ನೂ ಒಂದೇ ಎಂದು ತಿಳಿದು “ಸ್ವಲ್ಪ ಹೊತ್ತು ಮಲಗು, ಸರಿಹೋಗತ್ತೆ” ಎಂದು ಮುಗಿಸಿಬಿಡುತ್ತಾರೆ, ನೀವೇ ಹೇಳಿ.

ನನ್ನ ತಕರಾರು ಇರುವುದು ಮುಂದೆ. ಒಂದು ಸಂಜೆ ಪಟ್ಟಿ ಪೂರಾ ಬರಿದಾದರೂ ಪಿಚರ್ ಎಸೆಯುತ್ತಲೇ ಇದ್ದ. “ಆಗಲ್ಲ ಅಂತ ಅವನೇ ಯಾಕೋ ಹೇಳಲ್ಲ?” ಎಂದೆ. “ಗೇಮಲ್ಲಿ ಹಾಗೆಲ್ಲ ಹೇಳಲ್ಲ ಅಜ್ಜಿ. ನಾವೇ ನೋಡ್ಕೋಬೇಕು” ಎಂದ.

ಆ ಊರಿನ ತಂಡದ ಕ್ಯಾಲ್ ರಿಪ್ಕೆನ್ ಕಥೆಯನ್ನು ಅಳಿಯಂದಿರು ಹೇಳಿದ್ದರು. 1982ರಿಂದ 1998ರವರೆಗೆ ಒಂದನ್ನೂ ತಪ್ಪಿಸದೆ ಸತತ 2,632 ಪಂದ್ಯ ಆಡಿದವರು. ಅವರಿಗಿಂತ ಮೊದಲು ಆ ದಾಖಲೆ ಲೂ ಗೆರಿಗ್ ಅವರದು, 2,130 ಪಂದ್ಯ. ಗೆರಿಗ್ ಮೈಯೊಳಗೆ ನರಗಳ ರೋಗ ಸೇರಿಕೊಂಡಿತ್ತು. 1939ರ ಮೇ 2ರಂದು, ಕಾಯಿಲೆಯ ಹೆಸರು ಗೊತ್ತಾಗುವ ಮೊದಲೇ, ತಾವೇ ಮ್ಯಾನೇಜರ್ ಬಳಿ ಹೋಗಿ ಇವತ್ತು ನನ್ನನ್ನು ಬಿಡಿ ಎಂದರು. 1941ರಲ್ಲಿ ತೀರಿಕೊಂಡರು. ರಿಪ್ಕೆನ್ನರ ಸರಣಿ ನಿಂತದ್ದು ಗಾಯದಿಂದಲ್ಲ. 1998ರ ಸೆಪ್ಟೆಂಬರ್ 20ರಂದು ಅವರೂ ತಾವಾಗಿಯೇ ಇವತ್ತು ಆಡುವುದಿಲ್ಲ ಎಂದರು.

ನೋಡಿ, ಆ ಆಟದ ಇಬ್ಬರು ಮಹಾಗಟ್ಟಿಗರೂ ನಿಂತದ್ದು ಸ್ವಂತ ಬಾಯಿಮಾತಿನಿಂದ. ವಿಡಿಯೋ ಗೇಮ್ ಅವರಂಥವರ ಹಾಜರಿ ನೋಡಿ ದೊಡ್ಡ ಅಂಕಿ ಕೊಟ್ಟೀತು, ಬಾಯಿ ಕೊಡಲಿಲ್ಲ. ದಿನವೂ ಬಂದವನು ನೋವಿಲ್ಲದೆ ಬಂದನೋ, ನೋವು ನುಂಗಿ ಬಂದನೋ ಹಾಜರಿ ಪುಸ್ತಕಕ್ಕೆ ತಿಳಿಯುವುದಿಲ್ಲ. ಅಂಕಿ ದೊಡ್ಡದಾದಷ್ಟೂ ಅವನ ಪಟ್ಟಿಯತ್ತ ಕಣ್ಣು ಹೋಗುವುದು ಕಡಿಮೆ. ಆಡಿಸುವ ಹುಡುಗನ ಗಮನ ತಪ್ಪಿದರೆ ಅವನು ಎಸೆಯುತ್ತಲೇ ಇರಬೇಕು.

ನನಗೂ ಅಂಥ ಒಂದು ಅಂಕಿ ಇದೆ. “ಅಮ್ಮ ಗಟ್ಟಿ, ಅಮ್ಮಂಗೇನೂ ಆಗಲ್ಲ.” ಮದುವೆಯಾದ ಲಾಗಾಯ್ತು ಕೇಳಿದ್ದೇನೆ. ಸುಳ್ಳೇಕೆ, ಕೇಳಿ ಉಬ್ಬಿದ್ದೇನೆ ಕೂಡ. ಎರಡು ವಾರದಿಂದ ಬಲಮಂಡಿ ಊದಿದ್ದನ್ನು ಸೀರೆಯಡಿ ಮುಚ್ಚಿಕೊಂಡು, ದಿನವೂ ಕಾಲು ನೀಡಿ ಕೂತು ಕೂಸಿಗೆ ಎಣ್ಣೆನೀರು ಹಾಕುತ್ತಿದ್ದೆ. ಮಗಳ ಗಮನಕ್ಕೆ ಬರಲಿಲ್ಲವೆಂದು ಒಳಗೊಳಗೇ ಕೊರಗೂ ಇತ್ತು. ಆಗಷ್ಟೇ ಹೆತ್ತವಳು, ಅವಳ ಪಟ್ಟಿಯೇ ತಳ ಮುಟ್ಟಿತ್ತು. ನನ್ನದನ್ನು ಯಾವ ಕಣ್ಣಿನಿಂದ ನೋಡಬೇಕಿತ್ತು?

ಅಂದು ರಾತ್ರಿ ಊಟಕ್ಕೆ ಕೂತಾಗ, “ನಾಳೆ ಮಗು ಸ್ನಾನ ನನ್ನ ಕೈಲಾಗಲ್ಲ ಕಣೇ” ಎಂದೆ. ತುತ್ತು ಎತ್ತಿದವಳು ಹಾಗೇ ನಿಂತಳು. “ಮೊದ್ಲೇ ಹೇಳ್ಬಾರ್ದಾ ಅಮ್ಮ?” ಎಂದಳು.

ಬೆಳಿಗ್ಗೆ ಅಳಿಯಂದಿರು ಟಬ್ಬಿನಲ್ಲಿ ಸ್ನಾನ ಮಾಡಿಸಿದರು. ಎಣ್ಣೆ ನೆತ್ತಿಗೆ ಸರಿಯಾಗಿ ತಟ್ಟಲಿಲ್ಲ, ನೀರೂ ಬೆಚ್ಚಗಷ್ಟೇ ಇತ್ತು. ನನಗೆ ಕೂತಲ್ಲೇ ಕೈ ತುರಿಸುತ್ತಿತ್ತು. ಆದರೂ ಎದ್ದುಹೋಗಲಿಲ್ಲ.