ರೇಡಿಯೋ ಕಾರಿನ ಪಂದ್ಯ: ಸೌಲಭ್ಯವೂ ಸಾರಥ್ಯವೂ

ರೇಡಿಯೋ ಕಾರುಗಳ ಪಂದ್ಯವು ಆಧುನಿಕ ಎಲೆಕ್ಟ್ರಾನಿಕ್ಸಿನಿಂದ ಸುಲಭವಾಯಿತೆಂದು ಹೊಗಳುವವರೂ ಕೆಟ್ಟಿತೆಂದು ಹಳಿಯುವವರೂ, ಹೀಗೆ ಸುಲಭವಾದುದು ಪಂದ್ಯಕ್ಕೆ ಮುಂಚಿನ ತೊಡಕುಗಳೋ ಅಥವಾ ಸಾರಥ್ಯವೋ ಎಂಬುದನ್ನು ಬೇರ್ಪಡಿಸಿ ನೋಡುವುದು ವಿರಳ.

ಮೊದಲು ರೇಡಿಯೋವನ್ನೇ ಪರಿಶೀಲಿಸೋಣ. ಹಿಂದೆ 26.995ರಿಂದ 27.255 ಮೆಗಾಹರ್ಟ್ಸ್‌ವರೆಗಿನ ಆರು ಕಂಪನಾಂಕಗಳಿಗೆ ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಎಂಬ ಗುರುತುಗಳಿದ್ದುವು. ಒಂದೇ ಬಣ್ಣದ ಇಬ್ಬರು ಕಲೆತರೆ ಒಬ್ಬನು ಕಂಪನಾಂಕವನ್ನು ನಿಗದಿಪಡಿಸುವ ತನ್ನ ಕ್ರಿಸ್ಟಲನ್ನು ಕಿತ್ತು ಬೇರೆಯದನ್ನು ಹಾಕಬೇಕಾಗಿತ್ತು. ಮರೆತು ಸ್ವಿಚ್ ಒತ್ತಿದನೋ, ಪಕ್ಕದವನ ಕಾರು ಯಜಮಾನನ ಅಂಕೆ ಮೀರಿ ಗೋಡೆಗೆ ಬಡಿಯುವುದು. ಇಂದಾದರೋ ಟ್ರಾನ್ಸ್‌ಮಿಟರನ್ನೂ ರಿಸೀವರನ್ನೂ ಒಮ್ಮೆ ಬೈಂಡ್ ಮಾಡಿದರೆ ಸಾಕು, ಅವೆರಡೂ 2.4 ಗಿಗಾಹರ್ಟ್ಸ್ ಪಟ್ಟಿಯೊಳಗೆ ಪರಸ್ಪರ ಗುರುತು ಹಿಡಿದು ಕಂಪನಾಂಕದಿಂದ ಕಂಪನಾಂಕಕ್ಕೆ ಜಿಗಿಯುತ್ತಿರುತ್ತವೆ. ಈ ಪಟ್ಟಿಯನ್ನು ಭಾರತ ಸರ್ಕಾರವು 2005ರಲ್ಲಿ ಪರವಾನಗಿಯ ಕಟ್ಟಿನಿಂದ ಬಿಡಿಸಿತು. ಮನೆಮನೆಯ ವೈಫೈ ಅದರಲ್ಲಿಯೇ ಕಿಕ್ಕಿರಿದಿರುವ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನ ಅಂಗಳದಲ್ಲಿಯೂ ಹತ್ತು ಕಾರುಗಳು ಒಂದರ ಆಜ್ಞೆಯನ್ನು ಇನ್ನೊಂದು ಪಾಲಿಸದೆ ಓಡಬಲ್ಲವೆಂಬುದು ನಿರ್ವಿವಾದವಾದ ಲಾಭ.

ವೇಗನಿಯಂತ್ರಣದ ಕಥೆ ಇಷ್ಟು ಸರಳವಲ್ಲ. 1984ರಲ್ಲಿ ಜಪಾನಿನ ತಮಿಯಾ ಸಂಸ್ಥೆಯು ಹೊರತಂದ ಗ್ರಾಸ್‌ಹಾಪರ್ ಕಾರಿನಂಥವುಗಳಲ್ಲಿ ಸರ್ವೋ ಎಂಬ ಪುಟ್ಟ ಮೋಟಾರಿನ ತೋಳು ಲೋಹದ ಪಟ್ಟಿಗಳ ಮೇಲೆ ಜಾರುತ್ತ, ಮೆಲ್ಲಗೆ ಚಲಿಸಬೇಕಾದಾಗಲೆಲ್ಲ ಬ್ಯಾಟರಿಯ ಶಕ್ತಿಯನ್ನು ರೆಸಿಸ್ಟರಿನಲ್ಲಿ ವ್ಯರ್ಥವಾಗಿ ಸುಡುತ್ತಿತ್ತು. ಮೋಟಾರಿನ ಕಮ್ಯುಟೇಟರು ಕರಿಗಟ್ಟಿದರೆ ಅದನ್ನು ಪುಟ್ಟ ಲೇತಿಗೆ ಕಟ್ಟಿ ತೆಳುವಾಗಿ ಹೆರೆದು, ಹೊಸ ಕಾರ್ಬನ್ ಬ್ರಷ್ಷನ್ನು ಕೂರಿಸಬೇಕಾಗಿತ್ತು. ಇದು ಪೀಣ್ಯದ ಟರ್ನರನಿಗೆ ನೀರು ಕುಡಿದಷ್ಟು ಸಲೀಸಾದ ಕೆಲಸ. ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಎಂಜಿನಿಯರನಿಗೆ ಶುದ್ಧ ತಲೆನೋವು. ಬ್ರಷ್‌ಲೆಸ್ ಮೋಟಾರೂ, ಕ್ಷಣಕ್ಕೆ ಸಾವಿರಾರು ಬಾರಿ ವಿದ್ಯುತ್ತನ್ನು ಕಡಿದು ಜೋಡಿಸುವ ಎಲೆಕ್ಟ್ರಾನಿಕ್ ವೇಗನಿಯಂತ್ರಕವಾದ ಇ‌ಎಸ್‌ಸಿಯೂ ಬಂದ ಮೇಲೆ ಮೇಲುಗೈಯು ಎರಡನೆಯವನದಾಯಿತು: ಮೋಟಾರಿಗೆ ವಿದ್ಯುತ್ತನ್ನು ಮುಂಚಿತವಾಗಿ ಹಾಯಿಸಿ ವೇಗ ಹೆಚ್ಚಿಸುವ ಟೈಮಿಂಗ್, ಬ್ರೇಕು ಮೊದಲಾದುವೆಲ್ಲ ಮೊಬೈಲಿನ ಪರದೆಯ ಮೇಲಿನ ಅಂಕಿಗಳಾದುವು. ಕೈಗಾರಿಕೆಯ ಒಂದು ಸೊಗಸು ಇದರಿಂದ ಕಳೆದುಹೋಯಿತೆಂಬುದು ನಿಜವಾದರೂ, ಪಂದ್ಯಕ್ಕೆ ಮುನ್ನವೇ ಲೇತಿನ ಮೇಲೆ ಗೆಲುವು ನಿರ್ಣಯವಾಗುತ್ತಿದ್ದ ಪದ್ಧತಿಗಾಗಿ ನಾನು ಮರುಗಲಾರೆ. ಅಂಕಿಗಳಲ್ಲಿ ಮೋಸವಾಗದಂತೆಯೂ ಎಲೆಕ್ಟ್ರಾನಿಕ್ಸೇ ಕಾವಲಿದೆ: ಎಲ್ಲರೂ ಒಂದೇ ಬಗೆಯ ಮೋಟಾರನ್ನು ಬಳಸಬೇಕಾದ ಸ್ಟಾಕ್ ವರ್ಗದಲ್ಲಿ ಇ‌ಎಸ್‌ಸಿಯ ಟೈಮಿಂಗ್ ಶೂನ್ಯದಲ್ಲಿರುವುದಕ್ಕೆ ಸಾಕ್ಷಿಯಾಗಿ ಅದರ ಪುಟ್ಟ ದೀಪವು ಮಿನುಗುತ್ತಿರಬೇಕೆಂಬ ನಿಯಮವನ್ನು ಬಹುಕಡೆ ಪಾಲಿಸುತ್ತಾರೆ.

ಆರು ಸೆಲ್ಲುಗಳ ನಿಕಲ್-ಕ್ಯಾಡ್ಮಿಯಂ ಕಟ್ಟಿನ ಸ್ಥಾನದಲ್ಲಿ ಎರಡೇ ಸೆಲ್ಲುಗಳಿಂದ 7.4 ವೋಲ್ಟ್ ಕೊಡುವ ಲಿಪೋ ಬ್ಯಾಟರಿಯನ್ನು ಎಲ್ಲರೂ ಕೊಂಡಾಡುವರು. ಸೆಲ್ಲಿಗೆ 4.2 ವೋಲ್ಟ್ ಮೀರಿ ತುಂಬಿದರೂ 3 ವೋಲ್ಟಿಗಿಂತ ಕೆಳಗಿಳಿಸಿದರೂ ಕೆಡುವ, ಉಬ್ಬುವ, ಒಮ್ಮೊಮ್ಮೆ ಹೊತ್ತಿಕೊಳ್ಳುವ ಈ ವಸ್ತುವನ್ನು ಸೌಲಭ್ಯಗಳ ಸಾಲಿಗೆ ಸೇರಿಸಲು ನಾನು ಸ್ವಲ್ಪ ಅನುಮಾನಿಸುತ್ತೇನೆ. ಸುತ್ತುಗಳನ್ನು ಎಣಿಸುವ ಟ್ರಾನ್ಸ್‌ಪಾಂಡರಿನ ವಿಷಯದಲ್ಲಿ ಅಂಥ ಅನುಮಾನವಿಲ್ಲ; ಬಾಯೆಣಿಕೆಯ ಜಗಳಗಳನ್ನು ಅದು ನಿಲ್ಲಿಸಿತು.

ಗೈರೋ ಮಾತ್ರ ಬೇರೆಯ ಜಾತಿಯದು. ಕಾರಿನ ಹಿಂಭಾಗ ಜಾರಿದೊಡನೆ, ಚಾಲಕನ ಬೆರಳು ಚಲಿಸುವುದಕ್ಕೆ ಮೊದಲೇ, ಅದು ಮುಂಚಕ್ರಗಳನ್ನು ಜಾರಿದ ಕಡೆಗೆ ತಿರುಗಿಸಿ ಕಾರನ್ನು ನೇರ್ಪಡಿಸುವುದು. ಟಾರು ಕಾಣದ ಬಡಾವಣೆಯ ಜಲ್ಲಿಧೂಳಿನಲ್ಲಿ ಕಲಿಯತೊಡಗಿದ ಬಾಲಕನಿಗೆ ಅದು ಉಪಕಾರಿ. ಡ್ರಿಫ್ಟ್ ಪ್ರದರ್ಶನಕ್ಕೂ ಯುಕ್ತ. ಆದರೆ ಜಾರುವಿಕೆಯನ್ನು ಮುಂಗಂಡು ಬೆರಳನ್ನು ಸಡಿಲಿಸುವ ಆ ಅರೆಕ್ಷಣದ ವಿವೇಕವೇ ಪಂದ್ಯದ ಪ್ರಾಣವಾಗಿರುವಾಗ, ಅದನ್ನು ಚಿಪ್ಪಿಗೆ ವಹಿಸಿದ ಬಳಿಕ ಸ್ಪರ್ಧಿಸುವವರು ಯಾರು? ಹಲವು ಸ್ಪರ್ಧಾನಿಯಮಗಳು ಅದನ್ನು ನಿಷೇಧಿಸಿರುವುದು ಸರಿಯೇ. ನಿಷೇಧವನ್ನು ನಡೆಸುವುದು ಕಷ್ಟ, ಏಕೆಂದರೆ ಗೈರೋ ಈಗ ಎಷ್ಟೋ ರಿಸೀವರುಗಳ ಒಳಗೇ ಅಡಗಿ ಬರುತ್ತದೆ, ಮಿನುಗುವ ದೀಪದ ಸಾಕ್ಷಿಯೂ ಅದಕ್ಕಿಲ್ಲ. ಪರೀಕ್ಷಕನು ಕಾರನ್ನು ಕೈಯಲ್ಲೆತ್ತಿ, ಹಿಂಭಾಗವನ್ನು ಎಡಬಲಕ್ಕೆ ಒದರಿ, ಮುಂಚಕ್ರಗಳು ತಾವಾಗಿಯೇ ಹೊರಳುವುವೋ ಎಂದು ನೋಡಬೇಕಾಗುವುದು.