ಒಪ್ಪಿ ಬಿಟ್ಟವರ ಕಥೆ ಯಾಕಿಲ್ಲ?

ಹಲವು ವರ್ಷಗಳ ಹಿಂದೆ ನಾವು ಒಂದು ಕಥೆ ಬರೆದಿದ್ದೆವು. ಗಂಡನ ಬಾಯಿಂದ ಬಿದ್ದ ಒಂದು ಮಾತಿಗೆ ಬೀದಿಪಾಲಾದ ಹುಬ್ಬಳ್ಳಿಯ ಹೆಣ್ಣುಮಗಳ ಕಥೆ ಅದು. ಓದಿದವರು ಪತ್ರ ಬರೆದರು. ಒಂದು ಸಭೆಯಲ್ಲಿ ಓದಿಸಿದರು, ಕೇಳಿದವರು ಕಣ್ಣೊರೆಸಿಕೊಂಡರು. ಆ ಕಥೆಗೆ ಮೂಲವಾದವಳು ಹಳೇ ಹುಬ್ಬಳ್ಳಿಯವಳು, ವರಸೆಯಲ್ಲಿ ನಮಗೆ ತಂಗಿ. ಅವಳಿಗೂ ಕನ್ನಡ ಓದಲು ಬರುತ್ತದೆ ಎಂಬುದನ್ನು ಬರೆಯುವ ಉಮೇದಿನಲ್ಲಿ ನಾವು ಮರೆತೇಬಿಟ್ಟಿದ್ದೆವು. ರಂಜಾನ್ ಹಬ್ಬದ ದಿನ ಮನೆಗೆ ಬಂದವಳು ಸುರಕುಂಬಾದ ಬಟ್ಟಲನ್ನು ಕೆಳಗಿಟ್ಟು ಕೇಳಿದಳು: ‘ಕಥೀ ಛಲೋ ಐತಿ ಭಾಯಿ. ಆದ್ರ ಅದರಾಗ ನಾ ಎಲ್ಲಿ ಅದೀನಿ? ನನ್ನ ಯಾರೂ ಹೊರಗ ಹಾಕಿಲ್ಲ. ನಾವಿಬ್ರೂ ಕೂತು ಮಾತಾಡಿ ಬಿಟ್ಟೀವಿ.’

ಅವಳು ಹೇಳಿದ್ದು ನಿಜವಾಗಿತ್ತು. ಅಲ್ಲಿ ಹೊಡೆತವಿರಲಿಲ್ಲ, ಇನ್ನೊಬ್ಬಳಿರಲಿಲ್ಲ, ವರದಕ್ಷಿಣೆಯ ಜಗಳವೂ ಇರಲಿಲ್ಲ. ನಾಲ್ಕು ವರ್ಷ ಒಂದೇ ಸೂರಿನಡಿ ಇದ್ದು, ಒಬ್ಬರಿಗೊಬ್ಬರು ಹೊಂದಲಾರೆವು ಎಂದು ಇಬ್ಬರಿಗೂ ಖಾತ್ರಿಯಾಗಿತ್ತು. ಅವಳ ಕಡೆಯಿಂದ ಒಬ್ಬ ಹಿರಿಯರು, ಅವನ ಕಡೆಯಿಂದ ಒಬ್ಬರು. ಮೂರು ಬೈಠಕ್ಕುಗಳಾದವು. ಮೊದಲಿನ ಎರಡು ಕೂಡಿಸಲಿಕ್ಕೆ, ಮೂರನೆಯದು ಬಿಡಿಸಲಿಕ್ಕೆ. ಮಹರ್ ಕೊಟ್ಟದ್ದು, ತವರಿನ ಸಾಮಾನು ಮರಳಿಸಿದ್ದು, ಮಗು ತಾಯಿಯ ಹತ್ತಿರ ಇರುವುದು, ತಿಂಗಳಿಗೆ ಇಷ್ಟು ಹಣ ಕೊಡುವುದು, ಎಲ್ಲವನ್ನೂ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿದರು. ಇದ್ದತ್ ಮುಗಿಯಿತು. ಅವಳು ಹೊಲಿಗೆ ಹಾಕಿಕೊಂಡು ಮಗನನ್ನು ಓದಿಸಿದಳು.

ಇದನ್ನೆಲ್ಲ ಬಲ್ಲ ನಾವು ಕಥೆಯಲ್ಲಿ ಬರೆದದ್ದು ಮಾತ್ರ ಬೇರೆಯೇ. ಯಾಕೆ? ನಮಗೆ ಬರೆಯಲು ಬರುತ್ತಿದ್ದ ವಿಚ್ಛೇದನ ಅದೊಂದೇ. ಕನ್ನಡದ ಓದುಗರು ನಮ್ಮಿಂದ ನಿರೀಕ್ಷಿಸುತ್ತಿದ್ದದ್ದೂ ಅದನ್ನೇ ಎಂದು ನಾವು ನಂಬಿದ್ದೆವು. ಮುಸ್ಲಿಂ ದಾಂಪತ್ಯ ಮುರಿಯುವುದೆಂದರೆ ಗಂಡಸಿನ ಬಾಯಿ ತೆರೆಯುವುದು, ಹೆಂಗಸಿನ ಕಣ್ಣು ತುಂಬುವುದು. ಈ ಚೌಕಟ್ಟಿನ ಆಚೆಗೆ ನಮ್ಮ ಕಥನ ಯಾಕೆ ಹೋಗಲಿಲ್ಲ ಎಂಬ ಪ್ರಶ್ನೆಯನ್ನು ಮೊದಲು ನಮ್ಮ ಮೇಲೇ ಹಾಕಿಕೊಂಡು ಈ ಲೇಖನ ಬರೆಯುತ್ತಿದ್ದೇವೆ.

ಹಿರಿಯರ ಮೇಲೆ ದೂರು ಹೇಳುವುದು ನಮ್ಮ ಉದ್ದೇಶವಲ್ಲ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ, ಕಾಸರಗೋಡಿನ ಕಡೆಯ ಮುಸ್ಲಿಂ ಮನೆಯೊಳಗಿನ ಮಾತು ಕನ್ನಡಕ್ಕೆ ಹೊಸದಾಗಿ ಕೇಳಿಸಿತು. ನಾದಿರಾ ಮತ್ತು ರಶೀದ್ ಒಬ್ಬರನ್ನೊಬ್ಬರು ಬಯಸುವ ಗಂಡಹೆಂಡಿರು. ಅವರನ್ನು ಬೇರೆ ಮಾಡುವುದು ತಂದೆಯ ದುಡ್ಡಿನಾಸೆ ಮತ್ತು ಹಟ. ಮತ್ತೆ ಕೂಡಲು ಬಯಸಿದಾಗ ಎದುರಾಗುವುದು ನಡುವೆ ಒಂದು ರಾತ್ರಿಯ ಮಟ್ಟಿಗೆ ಇನ್ನೊಬ್ಬನ ಹೆಂಡತಿಯಾಗಬೇಕೆಂಬ ಷರತ್ತು. ನಾದಿರಾ ನೀರಿನ ಪಾಲಾಗುತ್ತಾಳೆ. ಆ ಕಾದಂಬರಿಯನ್ನು ಬರೆದದ್ದಕ್ಕೆ ಸಾರಾ ಅವರು ಕೇಳಬಾರದ ಮಾತುಗಳನ್ನು ಕೇಳಬೇಕಾಯಿತು. ಅವರು 2023ರ ಜನವರಿಯಲ್ಲಿ ತೀರಿಕೊಂಡರು. ನಮ್ಮಂಥವರು ಪೆನ್ನು ಹಿಡಿಯಲು ಧೈರ್ಯ ಬಂದದ್ದು ಅವರಿಂದ.

ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯ ಕಷ್ಟ ಬೇರೆ ಬಗೆಯದು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಅವಳನ್ನು ಕೈಬಿಟ್ಟಿದ್ದಾನೆ. ಮಕ್ಕಳನ್ನು ಕಟ್ಟಿಕೊಂಡು ಅವಳು ಮಸೀದಿಯ ಅಂಗಳದಲ್ಲಿ ನ್ಯಾಯಕ್ಕಾಗಿ ಕೂರುತ್ತಾಳೆ. ನ್ಯಾಯ ಕೊಡಬೇಕಾದ ಮುತವಲ್ಲಿ ತಪ್ಪಿಸಿಕೊಂಡು ಓಡಾಡುತ್ತಾನೆ. ಗಿರೀಶ ಕಾಸರವಳ್ಳಿ ಇದನ್ನು ಆಧರಿಸಿ 2004ರಲ್ಲಿ ‘ಹಸೀನಾ’ ಚಿತ್ರ ಮಾಡಿದರು, ಆ ಪಾತ್ರಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಬಾನು ಅವರದೇ ‘ಎದೆಯ ಹಣತೆ’ಯ ಮೆಹರುನ್, ಗಂಡ ಇನ್ನೊಬ್ಬಳ ಹಿಂದೆ ಹೋದನೆಂದು ತವರಿಗೆ ಬರುತ್ತಾಳೆ. ಮನೆತನದ ಮರ್ಯಾದೆಯ ಹೆಸರಿನಲ್ಲಿ ಅಣ್ಣತಮ್ಮಂದಿರು ಅವಳನ್ನು ಅದೇ ಮನೆಗೆ ತಿರುಗಿ ಬಿಟ್ಟುಬರುತ್ತಾರೆ. ಆ ರಾತ್ರಿ ಸೀಮೆಎಣ್ಣೆ ಸುರಿದುಕೊಂಡು ನಿಂತವಳನ್ನು ಉಳಿಸುವುದು ಹಿರಿಯ ಮಗಳ ಕೈ. ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ ಈ ಕಥೆಗಳ ಸಂಕಲನಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದಾಗ ಲೋಕವೆಲ್ಲ ಮೆಹರುನ್‌ಳನ್ನು ಕಂಡಿತು.

ಈ ಮೂರೂ ಕೃತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನಾದಿರಾಳದು ಬೇಡದ ಬಿಡುಗಡೆ. ಇನ್ನಿಬ್ಬರು ಹೆಣ್ಣುಮಕ್ಕಳದು ಬಿಡುಗಡೆಯೇ ಇಲ್ಲದ ಬಾಳು, ಅತ್ತ ಸಂಸಾರವೂ ಅಲ್ಲ, ಇತ್ತ ಬಿಡುಗಡೆಯೂ ಅಲ್ಲ. ಹೆಂಡತಿಯನ್ನು ಹೀಗೆ ನಡುವೆ ತೂಗುಹಾಕಿ ಬಿಡಬೇಡಿ ಎಂದು ಕುರ್‌ಆನಿನ ನಿಸಾ ಅಧ್ಯಾಯ ಗಂಡಸರನ್ನು ಎಚ್ಚರಿಸುತ್ತದೆ. ನಮ್ಮ ಚರ್ಚೆಗಳೆಲ್ಲ ತಲಾಖ್ ಹೇಳುವ ಗಂಡಸಿನ ಸುತ್ತಲೇ ತಿರುಗುತ್ತವೆ. ತಲಾಖನ್ನೂ ಹೇಳದೆ, ಬಾಳಿಸಲೂ ಬಾಳಿಸದೆ ವರ್ಷಗಟ್ಟಲೆ ತೂಗಿಸಿಟ್ಟವನು ಯಾವ ಸುದ್ದಿಯಲ್ಲೂ ಬರುವುದಿಲ್ಲ. ಬಾನು ಅವರು ಹಿಡಿದದ್ದು ಅವನನ್ನು.

ಹಾಗಾದರೆ ಮೂರನೆಯ ಬಗೆ? ಇಬ್ಬರೂ ಬೇಡವೆಂದು ಒಪ್ಪಿ, ಲೆಕ್ಕ ಚುಕ್ತಾ ಮಾಡಿ, ಬೇರೆಯಾಗುವುದು? ಧರ್ಮಶಾಸ್ತ್ರದಲ್ಲಿ ಇದಕ್ಕೆ ಮುಬಾರಾತ್ ಎಂದು ಹೆಸರು. ಒಬ್ಬರು ಇನ್ನೊಬ್ಬರನ್ನು ಋಣದಿಂದ ಬಿಡಿಸುವುದು ಎಂದು ಅದರ ಅರ್ಥ. ಹೆಂಡತಿಯೇ ಮುಂದಾಗಿ, ಮಹರ್ ಮರಳಿಸಿಯೋ ಬೇರೇನಾದರೂ ಬಿಟ್ಟುಕೊಟ್ಟೋ ಬಿಡುಗಡೆ ಕೇಳಿದರೆ ಅದು ಖುಲಾ. ಮದೀನಾದಲ್ಲಿ ಸಾಬಿತ್ ಬಿನ್ ಕೈಸ್ ಅವರ ಹೆಂಡತಿ ಪ್ರವಾದಿಯವರ ಬಳಿ ಬಂದು, ಗಂಡನ ನಡತೆಯಲ್ಲಾಗಲಿ ಧರ್ಮನಿಷ್ಠೆಯಲ್ಲಾಗಲಿ ದೋಷವಿಲ್ಲ, ಆದರೂ ಅವನೊಂದಿಗೆ ಬಾಳಲಾರೆ ಎಂದದ್ದನ್ನೂ, ಮಹರಾಗಿ ಪಡೆದ ತೋಟವನ್ನು ಮರಳಿಸಿ ಬಿಡುಗಡೆ ಪಡೆದದ್ದನ್ನೂ ಬುಖಾರಿಯ ಹದೀಸು ದಾಖಲಿಸಿದೆ. ನಾವು ಉರ್ದು ಶಾಲೆಯಲ್ಲಿ ಕಲಿತವರು, ದೀನಿಯಾತಿನ ಪಾಠ ಬಾಯಿಪಾಠ ಮಾಡಿದವರು. ಆ ಹೆಣ್ಣುಮಗಳ ಹೆಸರು ಎಂದೂ ನಮ್ಮ ಕಿವಿಗೆ ಬೀಳಲಿಲ್ಲ.

ಮೌಲಾನಾ ಅಶ್ರಫ್ ಅಲಿ ಥಾನ್ವಿ ಅವರ ‘ಬಹಿಶ್ತಿ ಜೇವರ್’ ನಮ್ಮ ಎಷ್ಟೋ ಮನೆಗಳಲ್ಲಿ ಮದುಮಗಳ ಸಾಮಾನಿನ ಜೊತೆ ಹೋದ ಪುಸ್ತಕ. ಅದೇ ಥಾನ್ವಿಯವರು 1930ರ ದಶಕದಲ್ಲಿ, ಗಂಡ ಕಾಣೆಯಾಗಿಯೋ ಕೈಬಿಟ್ಟೋ ದಾರಿಕಾಣದೆ ನಿಂತ ಹೆಂಗಸರಿಗಾಗಿ, ಹನಫಿ ಪಂಥದ ಬಿಗಿಯನ್ನು ಬಿಟ್ಟು ಮಾಲಿಕಿ ಪಂಥದ ಮಾರ್ಗವನ್ನು ಹಿಡಿಯಬಹುದು ಎಂದು ಬರೆದರು. ಮದುವೆಯ ಬಂಧನದಿಂದ ತಪ್ಪಿಸಿಕೊಳ್ಳಲು ಹೆಂಗಸರು ಧರ್ಮವನ್ನೇ ಬಿಡುತ್ತಿದ್ದ ಕಾಲ ಅದು. ಆ ಚಿಂತನೆಯ ಫಲವಾಗಿ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆ ಬಂತು. ನಾಲ್ಕು ವರ್ಷ ಗಂಡನ ಪತ್ತೆಯಿಲ್ಲದಿದ್ದರೆ, ಎರಡು ವರ್ಷ ಅನ್ನ ಹಾಕದಿದ್ದರೆ, ಕ್ರೌರ್ಯ ನಡೆಸಿದರೆ ಹೆಂಡತಿ ಕೋರ್ಟಿಗೆ ಹೋಗಬಹುದು. ಅದಕ್ಕೂ ಮುಂಚಿನ 1937ರ ಷರೀಅತ್ ಅನ್ವಯ ಕಾಯ್ದೆಯ 2ನೇ ಕಲಮಿನಲ್ಲಿ ತಲಾಖಿನ ಜೊತೆಯಲ್ಲೇ ಖುಲಾ, ಮುಬಾರಾತ್ ಎಂಬ ಮಾತುಗಳು ಅಚ್ಚಾಗಿವೆ. ಹಿಂದೂ ವಿವಾಹ ಕಾಯ್ದೆಗೆ ಪರಸ್ಪರ ಒಪ್ಪಿಗೆಯ ವಿಚ್ಛೇದನ ಸೇರಿದ್ದು 1976ರಲ್ಲಿ. ನಮ್ಮಲ್ಲಿ ಮಾತಿತ್ತು, ಕಲಮೂ ಇತ್ತು. ಕೊಡಬೇಕಾದವರು ಕೊಡಲಿಲ್ಲ, ಕೇಳಬೇಕಾದವರಿಗೆ ತಿಳಿಯಲಿಲ್ಲ.

ಈ ಬೆಳಕಿನಲ್ಲಿ ನಾದಿರಾಳ ದುರಂತವನ್ನು ಮತ್ತೊಮ್ಮೆ ನೋಡಬೇಕು. ಮೂರು ತಲಾಖ್ ಆದ ಮೇಲೆ ಬರುವ ಷರತ್ತು ಅವಳನ್ನು ನೀರಿಗೆ ದೂಡಿತು. ಖುಲಾ ಅಥವಾ ಮುಬಾರಾತಿನಲ್ಲಿ ಬೇರೆಯಾದ ಗಂಡಹೆಂಡಿರು ಮನಸ್ಸು ಬದಲಾಯಿಸಿದರೆ, ಹೊಸ ಮಹರ್ ಗೊತ್ತುಮಾಡಿ, ಹೊಸ ನಿಕಾಹ್ ಮಾಡಿಕೊಂಡು ಕೂಡಬಹುದು, ನಡುವೆ ಇನ್ನೊಬ್ಬ ಗಂಡ ಬರಬೇಕಿಲ್ಲ. ಅದು ಒಂದೇ ತಲಾಖಿಗೆ ಸಮ ಎಂದು ಹನಫಿ ಪಂಡಿತರ ಮಾತು. ಕೋಪದಲ್ಲಿ ಹಾಕಿದ ಬಾಗಿಲಿಗೆ ಚಿಲಕ ಬೀಳುತ್ತದೆ, ಮಾತಾಡಿ ಹಾಕಿದ ಬಾಗಿಲು ಸರಿಸಿದರೆ ತೆರೆಯುತ್ತದೆ. ನಮ್ಮ ಕಥನಸಾಹಿತ್ಯ ಚಿಲಕದ ಸದ್ದನ್ನು ಬಹಳ ಚೆನ್ನಾಗಿ ಕೇಳಿಸಿದೆ. ಇನ್ನೊಂದು ಬಾಗಿಲಿತ್ತು ಎಂಬುದನ್ನು ಹೇಳುವ ಹೊಣೆ ಹಿರಿಯರದಾಗಿರಲಿಲ್ಲ, ಅವರು ಮೊದಲು ಗಾಯವನ್ನು ತೋರಿಸಬೇಕಿತ್ತು. ಆ ಹೊಣೆ ನಂತರ ಬಂದ ನಮ್ಮದು. ನಾವು ಅವರ ಗಾಯವನ್ನೇ ನಕಲು ಮಾಡುತ್ತ ಕೂತೆವು.

ಈ ಸೀಮೆಗೆ ಒಪ್ಪಿ ಬಿಡುವುದೇನೂ ಹೊಸದಲ್ಲ. ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಪಂಚರ ಮುಂದೆ ‘ಸೋಡಚೀಟಿ’ ಬರೆದುಕೊಳ್ಳುವ ರೂಢಿಯಿತ್ತು. ಹಾಗೆ ಬಿಡುಗಡೆಯಾದ ಹೆಂಗಸು ‘ಉಡಿಕಿ’ಯಾಗಿ ಮತ್ತೊಂದು ಮನೆ ಕಟ್ಟಿಕೊಳ್ಳುತ್ತಿದ್ದಳು. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ರೂಢಿಯ ವಿಚ್ಛೇದನಗಳನ್ನು ಹಾಗೆಯೇ ಉಳಿಸಿತು. ಒಂದೇ ಓಣಿಯಲ್ಲಿ ಒಂದು ಮನೆಗೆ ಸೋಡಚೀಟಿ, ಇನ್ನೊಂದು ಮನೆಗೆ ಮುಬಾರಾತ್. ಮಾತು ಬೇರೆ, ಕೂತು ಬಗೆಹರಿಸುವ ಬಗೆ ಒಂದೇ. ಮುಸ್ಲಿಮರ ವಿಚ್ಛೇದನ ಬೇರೆ ಲೋಕದ ಕ್ರೌರ್ಯವೆಂದು ಬರೆಯುವವರು, ಓದುವವರು ಇದನ್ನು ಗಮನಿಸಿದರೆ ಒಳ್ಳೆಯದು.

2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಒಂದೇ ಉಸಿರಿನ ಮೂರು ತಲಾಖನ್ನು ತಳ್ಳಿಹಾಕಿತು. 2019ರ ಕಾಯ್ದೆ ಅದನ್ನು ಅಪರಾಧವೆಂದಿತು. ಆ ಎರಡು ವರ್ಷ ಟೀವಿಯಲ್ಲಿ, ಸಭೆಗಳಲ್ಲಿ ನಡೆದ ವಾದಗಳನ್ನು ನಾವು ಬಹಳಷ್ಟು ಕೇಳಿದೆವು. ಮುಬಾರಾತ್ ಎಂಬ ಮಾತು ಕಿವಿಗೆ ಬಿದ್ದ ನೆನಪಿಲ್ಲ. 2021ರ ಏಪ್ರಿಲ್‌ನಲ್ಲಿ ಕೇರಳ ಹೈಕೋರ್ಟು, ಕೋರ್ಟಿನ ಹೊರಗೆ ಬಿಡುಗಡೆ ಪಡೆಯುವ ಹೆಂಗಸಿನ ಹಕ್ಕನ್ನು ಅಲ್ಲಗಳೆದಿದ್ದ 1972ರ ತೀರ್ಪನ್ನು ಬದಿಗೆ ಸರಿಸಿ, ಖುಲಾ, ಮುಬಾರಾತ್ ಎರಡೂ ಊರ್ಜಿತವೆಂದಿತು. ಒಪ್ಪಿ ಬೇರೆಯಾದವರು ಬಂದರೆ ಕೌಟುಂಬಿಕ ನ್ಯಾಯಾಲಯ ದೀರ್ಘ ವಿಚಾರಣೆಗೆ ಎಳೆಯದೆ ಅವರ ಸ್ಥಿತಿಯನ್ನು ಘೋಷಿಸಬಹುದು ಎಂದೂ ಹೇಳಿತು. ಸದ್ದಿಲ್ಲದೆ ಬಂದ ಆ ತೀರ್ಪಿನ ಬಗ್ಗೆ ಕನ್ನಡದಲ್ಲಿ ಆದ ಚರ್ಚೆ ಕಡಿಮೆ.

ಇಷ್ಟು ಹೇಳಿ ಮುಬಾರಾತನ್ನು ಹೊಗಳಿ ಮುಗಿಸಿದರೆ ಇನ್ನೊಂದು ಸುಳ್ಳು ಕಥೆ ಬರೆದಂತಾಗುತ್ತದೆ. ಒಪ್ಪಿಗೆ ಎಂಬ ಮಾತು ಬಲು ನಯವಾದದ್ದು. ಹಿರಿಯರೆಲ್ಲ ಗಂಡಸರೇ ಆಗಿ, ಹೆಣ್ಣು ಪರದೆಯಾಚೆ ಕೂತಿದ್ದಾಗ ಅವಳ ಮೌನವನ್ನೇ ಒಪ್ಪಿಗೆ ಎನ್ನುವುದನ್ನು ನಾವು ಕಂಡಿದ್ದೇವೆ. ‘ಮಹರ್ ಮಾಫ್ ಮಾಡು, ಕಾಗದ ಕೊಡುತ್ತಾನೆ’ ಎಂಬುದು ಒಪ್ಪಂದವಲ್ಲ, ವಸೂಲಿ. ಹೊಡೆದ ಗಂಡನಿಗೇ ಬೆಲೆ ತೆತ್ತು ಹೊರಬರುವ ಖುಲಾಕ್ಕೆ ಬಿಡುಗಡೆ ಎನ್ನಲು ನಾಲಿಗೆ ಹೊರಳದು. ತಾಯಿತಂದೆಯರು ಪರಸ್ಪರ ಋಣ ಮಾಫ್ ಮಾಡಿಕೊಳ್ಳಬಹುದು. ಮಗುವಿನ ಅನ್ನವನ್ನು ಅದರ ಪರವಾಗಿ ಮಾಫ್ ಮಾಡಲು ಅವರು ಯಾರು? ವಿಚ್ಛೇದಿತ ಮುಸ್ಲಿಂ ಹೆಂಗಸಿಗೂ ಜೀವನಾಂಶ ಕೇಳುವ ಸಾಮಾನ್ಯ ಕಾನೂನಿನ ಹಕ್ಕಿದೆ ಎಂದು 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಮತ್ತೆ ಸ್ಪಷ್ಟಪಡಿಸಿದೆ. ಸಹಿ ಹಾಕುವ ಮುಂಚೆ ಇದು ಅವಳಿಗೆ ಗೊತ್ತಿರಬೇಕು. ಧಾರವಾಡಕ್ಕೆ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಬೆಂಗಳೂರಿನ ರಾತ್ರಿ ಬಸ್ಸಿನ ದಾರಿ ಉಳಿಯಿತು. ಮನೆಯ ಹೊಸ್ತಿಲಿನಿಂದ ಬೈಠಕ್ಕಿನ ಚಾಪೆಯವರೆಗಿನ ದಾರಿ ಮಾತ್ರ ಎಷ್ಟೋ ಹೆಣ್ಣುಮಕ್ಕಳಿಗೆ ಇನ್ನೂ ಅಷ್ಟೇ ದೂರವಿದೆ.

‘ಜಗಳವಿಲ್ಲದ ವಿಚ್ಛೇದನದಲ್ಲಿ ಕಥೆಯೇನಿದೆ?’ ಎಂದು ಸಂಪಾದಕರೊಬ್ಬರು ಹಿಂದೊಮ್ಮೆ ನಮ್ಮನ್ನು ಕೇಳಿದ್ದರು. ಆಗ ಉತ್ತರ ಹೊಳೆದಿರಲಿಲ್ಲ. ತಂಗಿಯನ್ನು ಕೂರಿಸಿಕೊಂಡು ಕೇಳಿದ ಮೇಲೆ ಹೊಳೆಯಿತು. ಮೂರನೆಯ ಬೈಠಕ್ಕಿನಲ್ಲಿ ತಾಮ್ರದ ಹಂಡೆಯ ಮಾತು ಸಲೀಸಾಗಿ ಮುಗಿದು, ಮದುವೆಯ ಫೋಟೋ ಆಲ್ಬಮ್ಮಿನ ಹತ್ತಿರ ಬಂದು ನಿಂತಿತಂತೆ. ಇಬ್ಬರಿಗೂ ಅದು ಬೇಡ, ಎಸೆಯಲೂ ಆಗದು. ಕೊನೆಗೆ ‘ಮಗ ದೊಡ್ಡವನಾದ ಮೇಲೆ ಅವನಿಗೆ’ ಎಂದು ಕಾಗದದಲ್ಲಿ ಒಂದು ಸಾಲು ಬರೆದರು. ಹೊಲಿಗೆ ಮಷೀನು ಅವನು ದುಡಿದು ಕೊಡಿಸಿದ್ದು, ತವರಿನ ಯಾದಿಯಲ್ಲಿ ಇರಲಿಲ್ಲ. ವಾರದ ಮೇಲೆ ಅವನೇ ಅದನ್ನು ಆಟೋದಲ್ಲಿ ಹಾಕಿಕೊಂಡು ಬಂದು ಬಾಗಿಲಲ್ಲಿ ಇಳಿಸಿ, ಒಳಗೆ ಬಾರದೆ, ಸಲಾಮ್ ಹೇಳಿ ಹೋದ. ಹಬ್ಬದ ಬೆಳಿಗ್ಗೆ ಮಗ ತಂದೆಯ ಜೊತೆ ಈದ್ಗಾಕ್ಕೆ ಹೋಗುತ್ತಾನೆ, ಮಧ್ಯಾಹ್ನ ತಾಯಿಯ ಹತ್ತಿರ ಉಣ್ಣುತ್ತಾನೆ.

ನಮ್ಮ ಕಥೆಯಲ್ಲಿ ಆ ಮಷೀನು ಇರಲಿಲ್ಲ. ಅದನ್ನು ಹೊತ್ತು ತಂದವನೂ ಇರಲಿಲ್ಲ. ಅವನ ಜಾಗದಲ್ಲಿ ಒಬ್ಬ ದುಷ್ಟನನ್ನೂ, ಅವಳ ಜಾಗದಲ್ಲಿ ಒಬ್ಬ ಅಬಲೆಯನ್ನೂ ನಿಲ್ಲಿಸಿ ನಾವು ಇಬ್ಬರಿಗೂ ಅನ್ಯಾಯ ಮಾಡಿದ್ದೆವು. ಮೆಹರುನ್‌ಳಂಥ ಹೆಣ್ಣುಮಗಳೊಬ್ಬಳು ನಮ್ಮ ಕಥೆ ಓದಿದ್ದರೆ ಅವಳಿಗೆ ಅಳಲು ಜೊತೆ ಸಿಕ್ಕುತ್ತಿತ್ತು. ಎದ್ದು ಹೋಗಿ ಕೇಳಬಹುದಾದ ಒಂದು ಮಾತು ಸಿಕ್ಕುತ್ತಿರಲಿಲ್ಲ. ತಂಗಿಯ ನಿಜವಾದ ಕಥೆ ಓದಿದ್ದರೆ ಆ ಮಾತೂ ಸಿಕ್ಕುತ್ತಿತ್ತು.

ಮತ್ತೆ ಬರೆಯುತ್ತೇವೆ ಎಂದು ತಂಗಿಗೆ ಮಾತು ಕೊಟ್ಟಿದ್ದೇವೆ. ‘ಬರೀರಿ ಭಾಯಿ, ಆದ್ರ ಮೊದಲ ನನಗ ಓದಿ ತೋರಸ್ರಿ’ ಎಂದಿದ್ದಾಳೆ. ನಮ್ಮ ಬರವಣಿಗೆಗೆ ಈವರೆಗೆ ಬಂದ ವಿಮರ್ಶೆಗಳಲ್ಲಿ ನಾವು ತಲೆಬಾಗಿ ಒಪ್ಪಿದ್ದು ಅದೊಂದನ್ನೇ.