ಪ್ರೇಕ್ಷಕರು ಬರೆಸಿದ ಅಂತ್ಯ

ಚಲನಚಿತ್ರವೊಂದರ ಗುಣದೋಷಗಳನ್ನು ವಿಮರ್ಶಕರು ವಿವೇಚಿಸುತ್ತಾರೆ. ಅದರ ಸೋಲು ಗೆಲುವುಗಳನ್ನು ಪ್ರೇಕ್ಷಕರು ನಿರ್ಣಯಿಸುತ್ತಾರೆ. ಇವೆರಡೂ ಕೃತಿ ಪೂರ್ಣಗೊಂಡ ಮೇಲೆ ನಡೆಯುವ ವ್ಯವಹಾರಗಳು. ಆದರೆ ಪ್ರೇಕ್ಷಕರ ಅಭಿಪ್ರಾಯವೇ ಕಥೆಯೊಳಗೆ ಪ್ರವೇಶಿಸಿ, ಯಾರು ಸಾಯಬೇಕು, ಯಾರ ಕೈಯಿಂದ ಸಾಯಬೇಕು ಎಂಬುದನ್ನು ಗೊತ್ತುಪಡಿಸಿದ ಪ್ರಸಂಗವೊಂದು 1987ರಲ್ಲಿ ಅಮೆರಿಕದಲ್ಲಿ ಜರುಗಿತು. ಆ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ತೆರೆಕಂಡ 'ಫೇಟಲ್ ಅಟ್ರ್ಯಾಕ್ಷನ್' ದಾಂಪತ್ಯದ್ರೋಹವನ್ನು ವಸ್ತುವಾಗಿ ಉಳ್ಳ ರೋಮಾಂಚಕ ಚಿತ್ರ. ಅದರ ನಿರ್ದೇಶಕ ಏಡ್ರಿಯನ್ ಲೈನ್. ಆ ಚಿತ್ರದ ಕಲಾಗುಣಕ್ಕಿಂತ ಅದನ್ನು ನೋಡಿದವರ ಮನೋಧರ್ಮವೇ ಇಂದು ಹೆಚ್ಚು ವಿಚಾರಾರ್ಹವಾಗಿ ಕಾಣುತ್ತದೆ.

ಕಥೆ ಸರಳವಾದುದು. ನ್ಯೂಯಾರ್ಕ್ ನಗರದ ವಕೀಲ ಡ್ಯಾನ್ ಗ್ಯಾಲಗರ್ ಪತ್ನಿ ಬೆತ್ ಹಾಗೂ ಪುಟ್ಟ ಮಗಳೊಡನೆ ನೆಮ್ಮದಿಯಾಗಿರುವ ಗೃಹಸ್ಥ. ಪತ್ನಿ ಊರಿನಲ್ಲಿಲ್ಲದ ಒಂದು ವಾರಾಂತ್ಯದಲ್ಲಿ ಅವನು ಪ್ರಕಾಶನ ಸಂಸ್ಥೆಯೊಂದರ ಸಂಪಾದಕಿಯಾದ ಅಲೆಕ್ಸ್ ಫಾರೆಸ್ಟಳ ಸಂಗ ಮಾಡುತ್ತಾನೆ. ಅವನಿಗೆ ಅದು ಎರಡು ದಿನಗಳ ಮಾತು, ಅವಳಿಗೆ ಹಾಗಲ್ಲ. ಅವನು ಹೊರಟು ನಿಂತಾಗ ಅವಳು ಮಣಿಕಟ್ಟು ಕೊಯ್ದುಕೊಳ್ಳುತ್ತಾಳೆ. ಮುಂದೆ ತಾನು ಗರ್ಭಿಣಿಯೆಂದು ತಿಳಿಸುತ್ತಾಳೆ. ತಿರಸ್ಕಾರ ಬೆಳೆದಂತೆ ಅವಳ ನಡೆಯೂ ಉಗ್ರವಾಗುತ್ತದೆ. ಆ ಮನೆಯ ಮಗು ಸಾಕಿದ ಮೊಲವನ್ನು ಕೊಂದು ಒಲೆಯ ಮೇಲೆ ಬೇಯಲಿಡುತ್ತಾಳೆ. ಕೊನೆಗೆ ಮಗುವನ್ನೇ ಶಾಲೆಯಿಂದ ಕರೆದೊಯ್ಯುತ್ತಾಳೆ. ಮೈಕಲ್ ಡಗ್ಲಸ್, ಗ್ಲೆನ್ ಕ್ಲೋಸ್ ಮತ್ತು ಆ್ಯನ್ ಆರ್ಚರ್ ಈ ಮೂರು ಪಾತ್ರಗಳನ್ನು ನಿರ್ವಹಿಸಿದ್ದಾರೆ.

ಈ ಕಥೆಯ ಮೂಲ ಜೇಮ್ಸ್ ಡಿಯರ್ಡನ್ 1980ರಲ್ಲಿ ಬ್ರಿಟನ್ನಿನಲ್ಲಿ ತಯಾರಿಸಿದ 'ಡೈವರ್ಷನ್' ಎಂಬ ಕಿರುಚಿತ್ರ. ಅದರಲ್ಲಿ ರಕ್ತಪಾತವಿಲ್ಲ. ದೂರವಾಣಿ ಕರೆಗಂಟೆ ಬಾರಿಸುತ್ತದೆ, ಪತ್ನಿ ಅದನ್ನು ಕೈಗೆತ್ತಿಕೊಳ್ಳುತ್ತಾಳೆ, ಅಲ್ಲಿಗೆ ಕಥೆ ಮುಗಿಯುತ್ತದೆ. ತಪ್ಪು ಮಾಡಿದವನು ತನ್ನ ತಪ್ಪಿನೊಡನೆ ಒಬ್ಬನೇ ನಿಲ್ಲುವ ಕ್ಷಣವದು. ಪೂರ್ಣಪ್ರಮಾಣದ ಚಿತ್ರಕ್ಕೆ ಮೊದಲು ಚಿತ್ರಿಸಿದ ಅಂತ್ಯದಲ್ಲಿಯೂ ಈ ಭಾವ ಸ್ವಲ್ಪಮಟ್ಟಿಗೆ ಉಳಿದಿತ್ತು. ಅಲ್ಲಿ ಅಲೆಕ್ಸ್ ಪುಚಿನಿಯ 'ಮದಾಮ ಬಟರ್‌ಫ್ಲೈ' ಸಂಗೀತನಾಟಕವನ್ನು ಕೇಳುತ್ತ ತನ್ನ ಕತ್ತನ್ನು ತಾನೇ ಕೊಯ್ದುಕೊಳ್ಳುತ್ತಾಳೆ. ಚಾಕುವಿನ ಮೇಲೆ ಡ್ಯಾನನ ಬೆರಳ ಗುರುತುಗಳಿರುವುದರಿಂದ ಪೊಲೀಸರು ಅವನನ್ನು ಬಂಧಿಸುತ್ತಾರೆ. ಅಲೆಕ್ಸ್ ತನ್ನ ಸಾವಿನ ಮಾತಾಡಿರುವ ಧ್ವನಿಸುರುಳಿಯೊಂದು ಬೆತ್‌ಳಿಗೆ ದೊರೆತು, ಅವನ ಬಿಡುಗಡೆಗೆ ದಾರಿಯಾಗುತ್ತದೆ.

ಈ ಅಂತ್ಯವೂ ನಿರ್ದೋಷವಲ್ಲ. ಪರಿತ್ಯಕ್ತ ಸ್ತ್ರೀಯ ಆತ್ಮಹತ್ಯೆಗೆ ಸಂಗೀತದ ಸೊಬಗನ್ನು ತೊಡಿಸುವುದರಲ್ಲಿ ಅಪಾಯವಿದೆ. ಆದರೂ ಅದರಲ್ಲಿ ಒಂದು ನ್ಯಾಯವಿತ್ತು. ಪುರುಷನು ತನ್ನ ಕೃತ್ಯದ ಫಲವನ್ನು ಎದುರಿಸಬೇಕಾಗಿತ್ತು. ದ್ರೋಹಕ್ಕೆ ಒಳಗಾದ ಪತ್ನಿಯ ಕೃಪೆಯಿಂದಲೇ ಪಾರಾಗಬೇಕಾಗಿತ್ತು.

ಬಿಡುಗಡೆಗೆ ಮುನ್ನ ಆಯ್ದ ಪ್ರೇಕ್ಷಕರಿಗೆ ಚಿತ್ರವನ್ನು ತೋರಿಸಿ ಅವರ ಅಭಿಪ್ರಾಯ ಸಂಗ್ರಹಿಸುವುದು ಹಾಲಿವುಡ್ಡಿನ ರೂಢಿ. ಆ ಪ್ರದರ್ಶನಗಳಲ್ಲಿ ಅಂತ್ಯವು ಪ್ರೇಕ್ಷಕರಿಗೆ ಹಿಡಿಸಲಿಲ್ಲ. ಅಲೆಕ್ಸಳಿಗೆ ತಕ್ಕ ಶಾಸ್ತಿಯಾಗಲಿಲ್ಲವೆಂಬ ಅತೃಪ್ತಿ ಸ್ಪಷ್ಟವಾಗಿತ್ತು. ಚಿತ್ರಸಂಸ್ಥೆ ಮತ್ತೆ ಮೂರು ವಾರಗಳ ಚಿತ್ರೀಕರಣ ನಡೆಸಿತು. ಆ ಪಾತ್ರದ ಮನಃಸ್ಥಿತಿಯನ್ನು ಅರಿಯಲು ಮನೋವೈದ್ಯರ ಸಲಹೆ ಪಡೆದಿದ್ದ ಗ್ಲೆನ್ ಕ್ಲೋಸ್ ಈ ಬದಲಾವಣೆಯನ್ನು ಬಹಳವಾಗಿ ವಿರೋಧಿಸಿದರು. ಅಲೆಕ್ಸ್ ತನಗೆ ತಾನೇ ಹಾನಿ ಮಾಡಿಕೊಳ್ಳುವವಳೇ ಹೊರತು ಕೊಲೆಗಡುಕಿಯಲ್ಲ ಎಂಬುದು ಅವರ ನಿಲುವು. ಕೊನೆಗೆ ಅವರೂ ಒಪ್ಪಬೇಕಾಯಿತು. ಹೊಸ ಅಂತ್ಯದಲ್ಲಿ ಅಲೆಕ್ಸ್ ಚಾಕು ಹಿಡಿದು ಮನೆಯೊಳಗೆ ನುಗ್ಗುತ್ತಾಳೆ. ಡ್ಯಾನ್ ಅವಳನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸುತ್ತಾನೆ. ಸತ್ತಳೆಂದುಕೊಂಡವಳು ಮೇಲೆದ್ದಾಗ ಬೆತ್ ಗುಂಡು ಹಾರಿಸಿ ಕೊಲ್ಲುತ್ತಾಳೆ. ಕಟ್ಟಕಡೆಗೆ ಕ್ಯಾಮರಾ ಆ ಕುಟುಂಬದ ನಗುಮುಖದ ಭಾವಚಿತ್ರದ ಮೇಲೆ ನಿಲ್ಲುತ್ತದೆ.

ಪರಿಣಾಮ ಅಪೂರ್ವವಾಗಿತ್ತು. ಚಿತ್ರವು ಅಮೆರಿಕದಲ್ಲಿಯೇ ಸುಮಾರು 15 ಕೋಟಿ 60 ಲಕ್ಷ ಡಾಲರ್ ಗಳಿಸಿತು. ಆರು ಆಸ್ಕರ್ ನಾಮನಿರ್ದೇಶನಗಳನ್ನು ಪಡೆಯಿತು. ಚಿತ್ರಮಂದಿರಗಳಲ್ಲಿ ಪ್ರೇಕ್ಷಕರು ಎದ್ದು ನಿಂತು, ಅವಳನ್ನು ಕೊಲ್ಲು ಎಂದು ಕೂಗಿದರೆಂದು ಅಂದಿನ ವರದಿಗಳು ಹೇಳುತ್ತವೆ. ವಿಮರ್ಶಕ ರೋಜರ್ ಎಬರ್ಟ್ ಅವರು, ಉತ್ತಮವಾಗಬಹುದಾಗಿದ್ದ ಚಿತ್ರವು ಕೊನೆಯ ನಿಮಿಷಗಳಲ್ಲಿ ಅಗ್ಗದ ಭಯಾನಕ ಚಿತ್ರಗಳ ಮಟ್ಟಕ್ಕೆ ಇಳಿಯಿತೆಂದು ವಿಷಾದಿಸಿದರು. ಸೂಸನ್ ಫಲೂಡಿ 1991ರ ತಮ್ಮ 'ಬ್ಯಾಕ್‌ಲ್ಯಾಷ್' ಗ್ರಂಥದಲ್ಲಿ, ಸ್ವತಂತ್ರವಾಗಿ ದುಡಿದು ಬಾಳುವ ಅವಿವಾಹಿತೆಯನ್ನು ಸಮಾಜಕಂಟಕಳೆಂದು ಚಿತ್ರಿಸುವ ಪ್ರವೃತ್ತಿಗೆ ಇದನ್ನು ನಿದರ್ಶನವಾಗಿ ಕೊಟ್ಟರು.

ಪ್ರೇಕ್ಷಕರ ಪಕ್ಷವನ್ನೂ ಆಲಿಸುವುದು ನ್ಯಾಯ. ಅಲೆಕ್ಸಳ ಕೃತ್ಯಗಳು ಸಣ್ಣವಲ್ಲ. ನಿರಪರಾಧಿ ಮಗುವಿಗೂ ಮೂಕ ಪ್ರಾಣಿಗೂ ಆದ ಹಿಂಸೆಯನ್ನು ಕಂಡು ಕೆರಳುವುದು ಸಹಜ. ಏನೂ ತಪ್ಪು ಮಾಡದ ಬೆತ್ ತನ್ನ ಮನೆಯನ್ನು ರಕ್ಷಿಸಿಕೊಳ್ಳಲಿ ಎಂಬ ಹಾರೈಕೆಯಲ್ಲಿ ಕರುಣೆಯ ಅಂಶವೂ ಇದೆ. ಆದರೆ ಆ ಕೋಪ ಯಾರ ಮೇಲೆ ಎಷ್ಟು ಹಂಚಿಕೆಯಾಯಿತು ಎಂಬುದೇ ಪ್ರಶ್ನೆ. ವಿವಾಹದ ವಚನ ಕೊಟ್ಟವನು ಡ್ಯಾನ್. ಅದನ್ನು ಮುರಿದವನೂ ಅವನೇ. ಇಂಗ್ಲಿಷ್ ಭಾಷೆಯು ಈ ಚಿತ್ರದಿಂದ 'ಮೊಲ ಬೇಯಿಸುವವಳು' ಎಂಬ ನಿಂದೆಯ ನುಡಿಗಟ್ಟನ್ನು ಪಡೆದುಕೊಂಡಿತು. ಮನೆಯಿಂದ ಹೊರಗೆ ಹೆಜ್ಜೆಯಿಟ್ಟ ಗಂಡನಿಗೆ ಮಾತ್ರ ಯಾವ ಹೆಸರೂ ಅಂಟಲಿಲ್ಲ. ಪ್ರೇಕ್ಷಕರ ತೀರ್ಪಿನ ಒಲವು ಎತ್ತ ಇತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹರ್ಷೋದ್ಗಾರದಲ್ಲಿ ಮರೆತುಹೋದ ಸಂಗತಿಗಳು ಇನ್ನೂ ಎರಡಿವೆ. ಅಲೆಕ್ಸ್ ತಾನು ಗರ್ಭಿಣಿಯೆಂದು ಹೇಳಿದ್ದಳು. ಆ ಮಾತು ನಿಜವಾಗಿದ್ದರೆ ಸ್ನಾನಗೃಹದಲ್ಲಿ ಸತ್ತವರು ಇಬ್ಬರು. ಆ ಎರಡನೆಯ ಜೀವದ ನೆನಪು ಕುಟುಂಬದ ಭಾವಚಿತ್ರಕ್ಕೂ ಇಲ್ಲ, ಚಪ್ಪಾಳೆ ತಟ್ಟಿದ ಕೈಗಳಿಗೂ ಇಲ್ಲ. ಎರಡನೆಯದಾಗಿ, ಗಂಡನ ಅಸಂಯಮದ ಸಾಲವನ್ನು ಕೊಲೆಯ ಮೂಲಕ ತೀರಿಸಿದವಳು ಏನೂ ಅರಿಯದೆ ವಂಚಿತಳಾಗಿದ್ದ ಪತ್ನಿ. ಅವನ ಎರಡು ದಿನಗಳ ಸುಖದ ಭಾರವನ್ನು ಅವಳು ಜೀವನಪರ್ಯಂತ ಹೊರಬೇಕು. ಇದನ್ನು ಕುಟುಂಬದ ಗೆಲುವು ಎಂದು ಕರೆಯುವುದು ಹೇಗೆ?

ಈ ಚಿತ್ರವು ನೀತಿಬೋಧಕವಾಗಿತ್ತೆಂಬ ಅಭಿಪ್ರಾಯವೂ ಅಂದು ಬಲವಾಗಿತ್ತು. ಎಷ್ಟೋ ಪುರುಷರು ತಮ್ಮ ಬಳಿ ಬಂದು, ನೀವು ನಮ್ಮನ್ನು ಹೆದರಿಸಿದಿರಿ, ನಮ್ಮ ದಾಂಪತ್ಯವನ್ನು ಉಳಿಸಿದಿರಿ ಎಂಬರ್ಥದ ಮಾತನಾಡಿದುದನ್ನು ಗ್ಲೆನ್ ಕ್ಲೋಸ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಈ ಉಪಕಾರವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅದರ ಬೆಲೆಯನ್ನು ಅಳೆಯಬೇಕು. ಭಯದಿಂದ ಹುಟ್ಟಿದ ನಿಷ್ಠೆಯು ಭಯ ಇರುವವರೆಗೆ ಮಾತ್ರ ಇರುತ್ತದೆ. ಸಿಕ್ಕಿಬೀಳುವ ಅಂಜಿಕೆಯಿಂದ ಮನೆಯಲ್ಲಿ ಉಳಿದವನು ಸಂಯಮಿಯಲ್ಲ, ಎಚ್ಚರದ ವ್ಯಾಪಾರಿ. ಪತ್ನಿಗೆ ಆಗುವ ನೋವನ್ನು ನೆನೆದು, ಆ ಇನ್ನೊಬ್ಬ ಸ್ತ್ರೀಯೂ ನೋಯಬಲ್ಲ ಜೀವವೆಂದು ಅರಿತು ಹಿಂದೆಗೆದವನ ನಡೆಯಲ್ಲಿ ಮಾತ್ರ ಶೀಲವಿದೆ. ಹೊಸ ಅಂತ್ಯವು ಮೊದಲನೆಯವನನ್ನು ಹೆಚ್ಚಿಸಿತು. ಎರಡನೆಯವನಿಗೆ ಏನನ್ನೂ ಕಲಿಸಲಿಲ್ಲ.

ಕಾಲ ಕಳೆದಂತೆ ಅಭಿಪ್ರಾಯಗಳೂ ಮಾಗಿವೆ. ಅದೇ ನಿರ್ದೇಶಕ 2002ರಲ್ಲಿ 'ಅನ್‌ಫೇಯ್ತ್‌ಫುಲ್' ಚಿತ್ರ ನಿರ್ಮಿಸಿದಾಗ, ಪತ್ನಿಯ ಪ್ರಿಯಕರನನ್ನು ಕೊಂದ ಪತಿಯನ್ನೂ ಆ ಪತ್ನಿಯನ್ನೂ ಪೊಲೀಸ್ ಠಾಣೆಯ ಸಮೀಪ, ಕೆಂಪು ದೀಪದ ಮುಂದೆ ನಿಂತ ಕಾರಿನಲ್ಲಿಯೇ ಬಿಟ್ಟು ಕಥೆ ಮುಗಿಸಿದರು. ತೀರ್ಪನ್ನು ನೋಡುವವರ ಅಂತಃಕರಣಕ್ಕೆ ಒಪ್ಪಿಸಿದ ಅಂತ್ಯವದು. 2023ರಲ್ಲಿ 'ಫೇಟಲ್ ಅಟ್ರ್ಯಾಕ್ಷನ್' ಧಾರಾವಾಹಿಯಾಗಿ ಮತ್ತೆ ಬಂದಾಗ, ಅಲೆಕ್ಸಳ ಕೊಲೆಗಾಗಿ 15 ವರ್ಷ ಸೆರೆಮನೆಯಲ್ಲಿದ್ದು ಹೊರಬಂದ ಡ್ಯಾನನಿಂದ ಕಥೆ ಆರಂಭವಾಯಿತು. ಅವಳ ಬಾಳಿನ ಕಡೆಯಿಂದಲೂ ನೋಡುವ ಯತ್ನ ಅದರಲ್ಲಿತ್ತು.

ತಾನೇ ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದುದನ್ನು ಮೆಚ್ಚುವುದು ಎಂದು ಹಿಂಸೆಗೆ ಮೂರು ದಾರಿಗಳು. ನೋಡುಗನು ತಾನು ಮೂರನೆಯದರಲ್ಲಿಯೂ ಇಲ್ಲವೆಂದು, ಅದು ಬರಿಯ ಕಥೆಯೆಂದು ಸಮಾಧಾನ ಪಟ್ಟುಕೊಳ್ಳಬಹುದು. 1987ರ ಆ ಪ್ರೇಕ್ಷಕರಿಗೆ ಆ ಸಮಾಧಾನಕ್ಕೂ ಎಡೆಯಿರಲಿಲ್ಲ. ಮೊದಲ ಅಂತ್ಯವನ್ನು ಕಂಡವರು ಒಂದು ಕೊಲೆಯನ್ನು ಬೇಡಿದರು, ಅದು ಅವರಿಗಾಗಿ ಸಿದ್ಧವಾಯಿತು. ಎರಡನೆಯದನ್ನು ಕಂಡವರು ಅದನ್ನು ಮೆಚ್ಚಿ ಕೂಗಿದರು. ತೆರೆಯ ಮೇಲೆ ಸತ್ತವಳು ನಟಿಯಲ್ಲ, ಪಾತ್ರ ಮಾತ್ರ ಎಂಬುದು ನಿಜ. ಆದರೆ ಕತ್ತಲಲ್ಲಿ ಕುಳಿತು ಬೇಡಿದ ಮನಸ್ಸು ಪಾತ್ರವಲ್ಲ. ದೀಪ ಹತ್ತಿದ ಮೇಲೆ ಅದು ನೋಡುಗನೊಡನೆಯೇ ಮನೆಗೆ ಹೋಗುತ್ತದೆ.